ಮೊಲದ ಬಲೆ

ಹೋದ ವರ್ಷ ಜೂನ್ ತಿಂಗಳ ಒಂದು ಶನಿವಾರ ಸಂಜೆ ಮಗಳು ನಾರ್ವೆ ದೇಶದ ಬರ್ಗೆನ್ ಊರಿನಿಂದ ವಿಡಿಯೋ ಕಾಲ್ ಮಾಡಿದಳು. ಕಡಲಜೀವಿಗಳ ಬಗ್ಗೆ ಓದಲೆಂದು ಅಲ್ಲಿಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಅವತ್ತು ಅವಳು ಬಂದರಿನ ಪಕ್ಕದ ಮೀನಿನ ಸಂತೆಯಲ್ಲಿ ನಿಂತಿದ್ದಳು. ಫೋನನ್ನು ತಿರುಗಿಸಿ ಒಂದು ಅಂಗಡಿಯನ್ನು ತೋರಿಸಿದಳು. ಮಂಜುಗಡ್ಡೆಯ ಮೇಲೆ ಸೀಗಡಿ, ಏಡಿ, ಕಿತ್ತಳೆ ಬಣ್ಣದ ಸಾಲ್ಮನ್ ಮೀನು. ಅವುಗಳ ಪಕ್ಕದಲ್ಲಿ ಕಪ್ಪೆನ್ನುವಷ್ಟು ಕೆಂಪಾದ ಮಾಂಸದ ದಪ್ಪ ತುಂಡುಗಳು.

"ತಾತಾ, ಇದು ಯಾತರದು ಹೇಳು ನೋಡಾಣ?"

ನಮ್ಮ ಹೊಸಪೇಟೆ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅಪ್ಪ ಕನ್ನಡಕ ಸರಿಮಾಡಿಕೊಂಡು ಫೋನಿಗೆ ಮುಖ ತಾಗುವಷ್ಟು ಬಗ್ಗಿದ. "ಕ್ವಾಣದ್ದೇನವಾ?"

"ತಿಮಿಂಗಿಲದ್ದು."

"ಮೀನಿನ ಮಾಂಸ ಹಿಂಗ ಕೆಂಪಗ ಇರಂಗಿಲ್ಲ ಬಿಡು."

ಅದು ಮೀನಲ್ಲ, ಮರಿ ಹಾಕಿ ಹಾಲು ಕುಡಿಸುವ ಪ್ರಾಣಿ ಎಂದು ಮಗಳು ವಿವರಿಸಿದಳು. ಅಪ್ಪ ಅದನ್ನು ಅರ್ಧ ನಂಬಿದ, ಅರ್ಧ ಬಿಟ್ಟ. ಆದರೆ ಆಮೇಲೆ ಅವನು ಕೇಳಿದ ಪ್ರಶ್ನೆಗಳು ನನಗೆ ಇವತ್ತಿಗೂ ನೆನಪಿವೆ. ರುಚಿ ಹೇಗಿದೆ, ರೇಟು ಎಷ್ಟು ಎಂದು ಅವನು ಕೇಳಲಿಲ್ಲ. "ಅಷ್ಟು ದೊಡ್ಡ ಪ್ರಾಣೀನ ಎಷ್ಟು ಮಂದಿ ಹಿಡೀತಾರ? ಹಿಡದ ಮ್ಯಾಲೆ ಹೆಂಗ ಪಾಲು ಹಾಕ್ತಾರ?" ಎಂದು ಕೇಳಿದ. ಬೇಟೆಯಾಡಿದವನ ಪ್ರಶ್ನೆ ಅದು.

ಮಗಳು ನಕ್ಕಳು. ತಾನು ಒಂದು ತುಂಡು ತಿಂದು ನೋಡಿದೆ, ನೀನು ಹೇಳುತ್ತಿದ್ದ ಮೊಲದ ಮಾಂಸ ಹೀಗೇ ಇರುತ್ತಿತ್ತೇನೋ ಅನ್ನಿಸಿತು ಎಂದಳು. ಕೊನೆಗೆ, "ತಾತಾ, ನಿನ್ನ ಮೊಲದ ಬಲೆ ಐತಲ್ಲ, ಅದರ ಫೋಟೋ ಬೇಕು. ನಮ್ಮ ಕ್ಲಾಸಿನಾಗ ಎಲ್ಲರೂ ಅವರವರ ಮನಿ ಬೇಟೆ ಸಾಮಾನು, ಮೀನು ಹಿಡಿಯೋ ಸಾಮಾನು ತೋರಸ್ತಾರ" ಎಂದಳು.

ಅಪ್ಪ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಫೋನಿನ ಕಡೆ ತಿರುಗಿ, "ಅದು ಹಳೇದಾತವಾ, ಇಲಿ ಕಡದು ಹಾಕ್ಯಾವ" ಎಂದ.

ಇಲಿ ಕಡಿದಿರಲಿಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ ಆ ಬಲೆಯನ್ನು ಹಿತ್ತಲಲ್ಲಿ ಸುಟ್ಟವನು ನಾನು.

ನಮ್ಮದು ಸಂಡೂರು ಗುಡ್ಡಗಳ ಬುಡದ ಹಳ್ಳಿ. ನಾಯಕರ ಓಣಿ. ಹೊಸಪೇಟೆಗೆ ಬಂದದ್ದು ನಾನು ಹೈಸ್ಕೂಲು ಸೇರಿದ ಮೇಲೆ. ಯುಗಾದಿಯ ದಿನ ಬೇವು ಬೆಲ್ಲ, ಹೋಳಿಗೆ. ಮಾರನೇ ದಿನ ಕರಿ. ಅವತ್ತು ನಸುಕಿನಲ್ಲೇ ಓಣಿಯ ಗಂಡಸರು ಬಲೆ, ಬಡಿಗೆ, ನಾಯಿ ಕಟ್ಟಿಕೊಂಡು ಕುರುಚಲು ಕಾಡಿಗೆ ಹೊರಡುತ್ತಿದ್ದರು. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಈ ಯುಗಾದಿ ಬೇಟೆ ಇತ್ತು. ಕೆಲವು ಕಡೆ ಈಗಲೂ ಕದ್ದುಮುಚ್ಚಿ ನಡೆಯುತ್ತದೆ, ಆಗಾಗ ಪೇಪರಿನಲ್ಲಿ ಬರುತ್ತದೆ.

ಅಪ್ಪನ ಬಲೆ ಪುಂಡಿ ನಾರಿನದು. ಬೇಸಿಗೆಯಲ್ಲಿ ನಾರು ಹೊಸೆದು ತಾನೇ ಹೆಣೆದು, ತಂಗಡಿ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದ. ಆಗ ಅದು ಮಣ್ಣಿನ ಬಣ್ಣಕ್ಕೆ ಬರುತ್ತಿತ್ತು. ನೆಟ್ಟ ಗೂಟಗಳಿಗೆ ಸಡಿಲವಾಗಿ ಸಿಕ್ಕಿಸಿ ನಿಲ್ಲಿಸಿದರೆ ಹತ್ತು ಹೆಜ್ಜೆ ದೂರದಿಂದ ಮನುಷ್ಯರ ಕಣ್ಣಿಗೂ ಕಾಣುತ್ತಿರಲಿಲ್ಲ. ಒಂದು ಕಡೆಯಿಂದ ಹುಡುಗರೆಲ್ಲ ಕೂಗು ಹಾಕುತ್ತ, ಪೊದೆ ಬಡಿಯುತ್ತ ಸೋವಿಕೊಂಡು ಬರಬೇಕು. ಎದ್ದ ಮೊಲ ಬಲೆಗೆ ನುಗ್ಗಿದ ಕೂಡಲೇ ಬಲೆ ಗೂಟದಿಂದ ಬಿಚ್ಚಿಕೊಂಡು ಅದರ ಮೇಲೆ ಬೀಳುತ್ತದೆ.

ಪಾಲಿನ ಲೆಕ್ಕ ಇತ್ತು. ಬಲೆಯ ಯಜಮಾನನಿಗೆ ಒಂದು ಪಾಲು, ನಾಯಿಗೆ ಒಂದು ಪಾಲು, ಸೋವಿದವರಿಗೆ ಒಂದೊಂದು ಪಾಲು. ಅವತ್ತು ಬೇಟೆಗೆ ಬಾರದಿದ್ದರೂ ಗಂಡಸರಿಲ್ಲದ ಮನೆಗೆ, ಬಾಣಂತಿ ಇದ್ದ ಮನೆಗೆ ಒಂದು ಹಿಡಿಯಾದರೂ ಹೋಗಬೇಕು. ಸಿಕ್ಕಿದ್ದು ಎರಡೇ ಮೊಲವಾದರೆ ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕು ತುಂಡು. ಅದಕ್ಕೇ ಸಾರು ಮಾಡುತ್ತಿದ್ದದ್ದು. ಅಮ್ಮ ಒಣಕೊಬ್ಬರಿ, ಗಸಗಸೆ, ಹುರಿದ ಧನಿಯಾ, ಬ್ಯಾಡಗಿ ಮೆಣಸಿನಕಾಯಿ ಒಳಕಲ್ಲಿನಲ್ಲಿ ಅರೆದು ಹಾಕಿ ಗಂಟೆಗಟ್ಟಲೆ ಕುದಿಸುತ್ತಿದ್ದಳು. ಮೊಲದ ಮಾಂಸದಲ್ಲಿ ಕೊಬ್ಬಿಲ್ಲ, ಬೇಗ ಬೇಯುವುದಿಲ್ಲ. ಜೋಳದ ಸಂಗಟಿಯ ನಡುವೆ ಗುಣಿ ಮಾಡಿ ಆ ಸಾರು ಬಿಟ್ಟುಕೊಂಡು ಉಣ್ಣುತ್ತಿದ್ದೆವು.

ಇದನ್ನೆಲ್ಲ ಹೀಗೆ ಬರೆಯುವಾಗ ಬಾಯಲ್ಲಿ ನೀರು ಬರುತ್ತದೆ. ಆದ್ದರಿಂದಲೇ ಇನ್ನೊಂದನ್ನೂ ಬರೆಯಬೇಕು. ನನಗೆ ಒಂಬತ್ತು ವರ್ಷವಿದ್ದಾಗ ಮೊದಲ ಸಲ ಸೋವಲು ಹೋಗಿದ್ದೆ. ಮೊಲ ಬಾಯಿಲ್ಲದ ಪ್ರಾಣಿ ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಬಲೆಗೆ ಬಿದ್ದ ಮೊಲ ಕಿರುಚಿತು. ತೊಟ್ಟಿಲ ಕೂಸು ಹೊಟ್ಟೆನೋವಿಗೆ ಕಿರುಚಿದಂತೆಯೇ ಇತ್ತು. ಅಪ್ಪ ಓಡಿಹೋಗಿ ಹಿಂಗಾಲು ಹಿಡಿದು ಕುತ್ತಿಗೆಗೆ ಒಂದೇ ಏಟು ಹಾಕಿದ. ನಾನು ಜಾಲಿಗಿಡದ ಹಿಂದೆ ಹೋಗಿ ಅತ್ತೆ. ರಾತ್ರಿ ಸಾರು ಉಂಡೆ, ಎರಡನೇ ಸಲ ಬಡಿಸಿಕೊಂಡೆ. ಅತ್ತದ್ದೂ ನಿಜ, ಉಂಡದ್ದೂ ನಿಜ.

ಬಸುರಿ ಮೊಲ ಬಿದ್ದರೆ ಬಿಟ್ಟುಬಿಡುತ್ತಿದ್ದೆವು ಎಂದು ಅಪ್ಪ ಹೇಳುತ್ತಾನೆ. ಒಂದೇ ಏಟಿಗೆ ಕೊಲ್ಲುವ ಅವಸರದಲ್ಲಿ ಬಸುರಿ ಹೌದೋ ಅಲ್ಲವೋ ಎಂದು ಯಾರು ನೋಡುತ್ತಿದ್ದರು ಎಂದು ನಾನು ಒಮ್ಮೆ ಕೇಳಿದ್ದೆ. ಅಪ್ಪ ಉತ್ತರ ಕೊಡಲಿಲ್ಲ.

ನನಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿದ್ದು 90ರ ದಶಕದ ಕೊನೆಯಲ್ಲಿ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲ ಆಳು ನಾನು. ಅದೇ ವರ್ಷ ಪಕ್ಕದ ಊರಿನ ಇಬ್ಬರು ಹುಡುಗರು ಮೊಲದ ಸಮೇತ ಸಿಕ್ಕಿಬಿದ್ದು ಕೇಸಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆದರೆ ಅದು ನಮ್ಮ ಓಣಿಯವರೆಗೆ ನಡೆದು ಬರಲು ಅಷ್ಟು ವರ್ಷ ಬೇಕಾಯಿತು. ಮನೆಯ ಅಟ್ಟದ ಮೇಲೆ ಬಲೆ ಇದೆ, ಯಾರಾದರೂ ಹೇಳಿಕೊಟ್ಟರೆ ನೌಕರಿ ಹೋಗುತ್ತದೆ ಎಂಬ ಭಯದಲ್ಲಿ ರಾತ್ರಿಯೆಲ್ಲ ನಿದ್ದೆ ಹತ್ತುತ್ತಿರಲಿಲ್ಲ. ಭಯವೊಂದೇ ಅಲ್ಲ, ನಾಚಿಕೆಯೂ ಇತ್ತು. ಶಾಲೆಯ ಸಹೋದ್ಯೋಗಿಗಳು ಮನೆಗೆ ಬಂದಾಗ ಅಪ್ಪ ಬೇಟೆಯ ಮಾತು ತೆಗೆದರೆ ನಾನು ಮಾತು ಬದಲಿಸುತ್ತಿದ್ದೆ.

ಅಪ್ಪ ಒಂದು ದಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿದ್ದ. ಬಲೆಯನ್ನು ಇಳಿಸಿ ಹಿತ್ತಲಲ್ಲಿ ಸೀಮೆಎಣ್ಣೆ ಹಾಕಿ ಸುಟ್ಟೆ. ನಾರು ಬೇಗ ಉರಿಯಿತು. ಸಂಜೆ ಬಂದ ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಬೂದಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಒಳಗೆ ಬಂದು ಪ್ರಸಾದ ಕೊಟ್ಟ. ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ.

ವಿಡಿಯೋ ಕಾಲ್ ಆದ ಮೇಲೆ ಅಪ್ಪನಿಗೆ ತಿಮಿಂಗಿಲದ ಹುಚ್ಚು ಹಿಡಿಯಿತು. ದಿನಾ ಒಂದು ಪ್ರಶ್ನೆ. ನಾನು ಓದಿ ಹೇಳಬೇಕು, ಗೊತ್ತಾಗದ್ದನ್ನು ಮಗಳನ್ನು ಕೇಳಬೇಕು.

ಆ ಉತ್ತರದ ದೇಶಗಳಲ್ಲಿ ವರ್ಷದ ಬಹುಭಾಗ ಹೊಲದಲ್ಲಿ ಏನೂ ಬೆಳೆಯುವುದಿಲ್ಲ. ಕಡಲೇ ಅವರ ಹೊಲ. ನಾರ್ವೆಯಲ್ಲಿ 13ನೇ ಶತಮಾನದಲ್ಲಿ ಬರೆದ 'ರಾಜದರ್ಪಣ' ಎಂಬ ಅರ್ಥದ ಹೆಸರಿನ ಒಂದು ಪುಸ್ತಕವಿದೆ. ಅದು ಅಪ್ಪ ಮಗನ ಸಂವಾದ. ಕಡಲಿನಲ್ಲಿ ಎಷ್ಟು ಬಗೆಯ ತಿಮಿಂಗಿಲಗಳಿವೆ, ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂದು ಅಪ್ಪ ಅದರಲ್ಲಿ ಮಗನಿಗೆ ಹೇಳುತ್ತಾನೆ. ಇದನ್ನು ಕೇಳಿ ನಮ್ಮಪ್ಪನಿಗೆ ಬಹಳ ಸಂತೋಷವಾಯಿತು. "ನೋಡು, ಅಲ್ಲಿ ಮಗ ಕೇಳ್ಯಾನ" ಎಂದ.

ನಾರ್ವೆ ಮತ್ತು ಐಸ್‌ಲೆಂಡ್‌ಗಳ ನಡುವೆ ಫೆರೋ ಎಂಬ ದ್ವೀಪಗಳಿವೆ. ಡೆನ್ಮಾರ್ಕಿಗೆ ಸೇರಿದ್ದರೂ ತಮ್ಮದೇ ಆಡಳಿತ ನಡೆಸುವ ನೆಲ. ಅಲ್ಲಿ ಊರಿಗೆ ಊರೇ ದೋಣಿಗಳಲ್ಲಿ ಹೋಗಿ ಪೈಲಟ್ ತಿಮಿಂಗಿಲಗಳ ಹಿಂಡನ್ನು ಕೊಲ್ಲಿಯ ಕಡೆಗೆ ಅಟ್ಟಿಕೊಂಡು ಬಂದು ದಡದಲ್ಲಿ ಕೊಲ್ಲುತ್ತಾರೆ. 1584ರಿಂದ ಅದರ ಲೆಕ್ಕ ಬರೆದಿಟ್ಟಿದ್ದಾರೆ. ಮಾಂಸವನ್ನು ಬಹುಪಾಲು ಮಾರುವುದಿಲ್ಲ, ಅಧಿಕಾರಿಯೊಬ್ಬರು ಲೆಕ್ಕ ಹಾಕಿ ಊರವರಿಗೆ ಪಾಲು ಹಂಚುತ್ತಾರೆ. ಅಪ್ಪ ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. "ಅದ ಸೋವು ಬೇಟೆ, ನೀರಿನಾಗ" ಎಂದ.

ಆದರೆ ಉಳಿದ ಕತೆಯನ್ನೂ ಹೇಳಬೇಕಲ್ಲ. 2008ರಲ್ಲಿ ಅದೇ ಫೆರೋ ದ್ವೀಪಗಳ ಆರೋಗ್ಯಾಧಿಕಾರಿಗಳೇ ಈ ಮಾಂಸ ಇನ್ನು ಮನುಷ್ಯರು ತಿನ್ನಲು ಯೋಗ್ಯವಲ್ಲ ಎಂದರು. ಜಗತ್ತಿನ ಕಾರ್ಖಾನೆಗಳಿಂದ ಕಡಲು ಸೇರಿದ ಪಾದರಸ ಸಣ್ಣ ಜೀವಿಯಿಂದ ದೊಡ್ಡ ಜೀವಿಗೆ ಏರುತ್ತ ಹೋಗಿ ತಿಮಿಂಗಿಲದ ಮೈಯಲ್ಲಿ ಶೇಖರವಾಗಿತ್ತು. 2021ರ ಸೆಪ್ಟೆಂಬರಿನಲ್ಲಿ ಒಂದೇ ದಿನ 1,428 ಡಾಲ್ಫಿನ್‌ಗಳನ್ನು ಕೊಂದರು. ಅಷ್ಟು ಮಾಂಸವನ್ನು ತಿನ್ನುವವರು ಯಾರು ಎಂದು ಫೆರೋ ಜನರೇ ಮುಜುಗರಪಟ್ಟರು. ಇತ್ತ ನಾರ್ವೆ ಬೇರೆ ದಾರಿ ಹಿಡಿದಿತ್ತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಯನ್ನು ನಿಲ್ಲಿಸಬೇಕೆಂದು 1982ರಲ್ಲಿ ತೀರ್ಮಾನಿಸಿ 1986ರಿಂದ ಜಾರಿಗೆ ತಂದಿತು. ನಾರ್ವೆ ಅದಕ್ಕೆ ಆಕ್ಷೇಪಣೆ ಸಲ್ಲಿಸಿ 1993ರಿಂದ ಮತ್ತೆ ಮಿಂಕೆ ಜಾತಿಯ ತಿಮಿಂಗಿಲದ ಬೇಟೆ ಶುರುಮಾಡಿತು. ಈ ಜಾತಿ ಅಳಿವಿನ ಅಂಚಿನಲ್ಲಿಲ್ಲ, ಇದು ನಮ್ಮ ಊಟ, ಕೇಳಲು ನೀವು ಯಾರು ಎಂಬುದು ಅವರ ವಾದ. ಈಗ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹಿಡಿಯಲು ಅನುಮತಿ ಕೊಟ್ಟರೂ ಹಿಡಿಯುವುದು ಅದರ ಅರ್ಧಕ್ಕಿಂತ ಕಡಿಮೆ. ತಿನ್ನುವವರು ಕಡಿಮೆಯಾಗಿದ್ದಾರೆ. ಮಹಾಯುದ್ಧದ ನಂತರದ ಬಡತನದಲ್ಲಿ ಅದು ಅಗ್ಗದ ಮಾಂಸವಾಗಿತ್ತು, ಆಗ ತಿಂದವರಿಗೆ ಈಗ ವಯಸ್ಸಾಗಿದೆ. ಬರ್ಗೆನ್ ಸಂತೆಯಲ್ಲಿ ತಾನು ನೋಡಿದಾಗ ಅದನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ತನ್ನಂಥ ಪರಊರಿನವರೇ ಎಂದು ಮಗಳು ಹೇಳಿದಳು. ಅವಳ ಜೊತೆ ಓದುವ ನಾರ್ವೆಯ ಹುಡುಗಿಯೊಬ್ಬಳು, "ನಮ್ಮಜ್ಜಿ ಮಾಡುತ್ತಿದ್ದಳು" ಎಂದಳಂತೆ. ನನ್ನ ಮಗಳೂ ಮೊಲದ ಸಾರಿನ ಬಗ್ಗೆ ಹೇಳುವುದು ಅದನ್ನೇ.

ಊಟದ ಹಳಮೆಯ ಮಾತು ಬಂದರೆ ನಾವೇನು ಕಡಿಮೆಯಿಲ್ಲ. ನಾನು ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗಲೆಲ್ಲ ಮಹಾನವಮಿ ದಿಬ್ಬದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅದರ ಗೋಡೆಯ ಸಾಲುಸಾಲು ಕೆತ್ತನೆಗಳಲ್ಲಿ ಕುದುರೆ, ಆನೆ, ಕುಣಿಯುವ ಹೆಂಗಸರ ಜೊತೆಗೆ ಬೇಟೆಗಾರರೂ ಇದ್ದಾರೆ. ಓಡುವ ಜಿಂಕೆ, ಅದರ ಹಿಂದೆ ಆಯುಧ ಹಿಡಿದವರು. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯ ಪೇಟೆಗಳಲ್ಲಿ ಗೌಜಲಹಕ್ಕಿ, ಲಾವುಗೆ, ಮೊಲ, ಕೋಳಿಗಳು ರಾಶಿರಾಶಿಯಾಗಿ ಬಲು ಅಗ್ಗಕ್ಕೆ ಸಿಗುತ್ತಿದ್ದುದನ್ನು ಬರೆದಿದ್ದಾನೆ. ಹತ್ತು ಹದಿನೈದು ವರ್ಷಗಳ ನಂತರ ಬಂದ ನೂನಿಜ್ ಇನ್ನೂ ಮುಂದೆ ಹೋಗುತ್ತಾನೆ. ದನ, ಎತ್ತಿನ ಮಾಂಸ ಬಿಟ್ಟು ಇಲ್ಲಿಯ ಅರಸರು ಎಲ್ಲವನ್ನೂ ತಿನ್ನುತ್ತಿದ್ದರು, ಜಿಂಕೆ, ಮೊಲ, ಪಾರಿವಾಳವಷ್ಟೇ ಅಲ್ಲ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವೂ ಪೇಟೆಯಲ್ಲಿ ಸಿಗುತ್ತಿದ್ದವು ಎನ್ನುತ್ತಾನೆ. ಕೊಳ್ಳುವವರಿಗೆ ತಾವು ಕೊಳ್ಳುತ್ತಿರುವುದು ಏನೆಂದು ತಿಳಿಯಲಿ ಎಂದು ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕಿತ್ತಂತೆ. ಇಬ್ಬರ ಬರಹಗಳನ್ನೂ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ವಿಜಯನಗರದ ವೈಭವ ಹೇಳುವಾಗ ನಾವು ಮುತ್ತುರತ್ನಗಳನ್ನು ಬೀದಿಯಲ್ಲಿ ಅಳೆದು ಮಾರುತ್ತಿದ್ದರು ಎನ್ನುತ್ತೇವೆ. ಮೊಲದ ಮಾತು ಬಿಟ್ಟುಬಿಡುತ್ತೇವೆ. ನಾನೂ ಮಕ್ಕಳಿಗೆ ಹೇಳುವಾಗ ಬಿಟ್ಟಿದ್ದೇನೆ.

ಆ ಊರು ಹುಟ್ಟಿದ್ದೇ ಒಂದು ಮೊಲದಿಂದ. ಆನೆಗೊಂದಿಯ ಅರಸ ಹೊಳೆ ದಾಟಿ ಬೇಟೆಗೆ ಬಂದಾಗ ಮೊಲವೊಂದು ಓಡುವ ಬದಲು ತಿರುಗಿ ನಿಂತು ಬೇಟೆನಾಯಿಗಳನ್ನೇ ಕಚ್ಚಿತು. ಅದನ್ನು ಕೇಳಿದ ತಪಸ್ವಿ ಇಲ್ಲಿ ಪಟ್ಟಣ ಕಟ್ಟು ಎಂದ. ಇದನ್ನೂ ನೂನಿಜ್ ಬರೆದಿದ್ದಾನೆ. ನಮ್ಮ ನಾಡಿನ ಬೇರೆ ಊರು, ಕೋಟೆಗಳ ಕತೆಯಲ್ಲೂ ಇಂಥದೇ ಗಂಡುಭೂಮಿಯ ಮೊಲ ಬರುತ್ತದೆ. ಒಂದು ರಾತ್ರಿ ಉಣ್ಣುವಾಗ ಇದನ್ನು ಹೇಳಿದೆ. ಅಪ್ಪನಿಗೆ ಕತೆ ಮೊದಲೇ ಗೊತ್ತಿತ್ತು. ರೊಟ್ಟಿ ಮುರಿಯುತ್ತ, "ಆ ಮೊಲ ತಿಂದಿರಂಗಿಲ್ಲ ಅವರು. ತಿಂದಿದ್ದರ ಊರು ಕಟ್ಟತಿದ್ದಿಲ್ಲ" ಎಂದ.

ಅಪ್ಪನಿಗೆ ಕಾಯ್ದೆಯ ಮೇಲೆ ಸಿಟ್ಟಿಲ್ಲ ಎಂದು ನಾನು ಅಂದುಕೊಂಡಿದ್ದೆ. ಸಿಟ್ಟು ಇತ್ತು, ಅದು ಹೊರಬಂದದ್ದು ಬೇರೆ ದಾರಿಯಲ್ಲಿ. ಆಗಸ್ಟಿನಲ್ಲಿ ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಸಂಡೂರಿಗೆ ಹೋಗಿದ್ದೆವು. ಮಳೆ ಬಿದ್ದು ಗುಡ್ಡಗಳು ಹಸಿರಾಗಿದ್ದವು, ಆದರೆ ಹಸಿರಿನ ನಡುವೆ ಕೊಯ್ದು ತೆಗೆದಂತೆ ಕೆಂಪು ಮೆಟ್ಟಿಲುಗಳು. ಅದಿರಿನ ಲಾರಿಗಳ ಸಾಲಿನ ಹಿಂದೆ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಂತಿತು. 2008ರ ಸುಮಾರಿಗೆ, ಚೀನಾದವರು ಅದಿರನ್ನು ಕೇಳಿದಷ್ಟು ಬೆಲೆಗೆ ಕೊಳ್ಳುತ್ತಿದ್ದ ಕಾಲದಲ್ಲಿ, ಈ ರಸ್ತೆಯ ಪಕ್ಕದ ಗಿಡಗಳ ಎಲೆಗಳು ಇಟ್ಟಿಗೆಪುಡಿ ಬಳಿದಂತಿದ್ದವು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು.

ಕಿಟಕಿಯ ಪಕ್ಕ ಕೂತ ಅಪ್ಪ ಬೆರಳು ಮಾಡಿ ತೋರಿಸಿದ. "ಅಲ್ಲೇ ನಾವು ಬಲೆ ಕಟ್ಟತಿದ್ದಿವಿ." ಅವನು ತೋರಿಸಿದ ಕಡೆ ಕಾಡಿರಲಿಲ್ಲ, ಮಣ್ಣಿನ ದಿಬ್ಬವಿತ್ತು. "ನಾ ಜಲ್ಮದಾಗ ಹೆಚ್ಚಂದರ ನೂರು ಮೊಲ ಹಿಡದಿರಬೇಕು. ಗುಡ್ಡ ತೆಗದರಲ್ಲ, ಅದರಾಗ ಎಷ್ಟು ಮೊಲ ಇದ್ದಿದ್ದಾವು? ಅದಕ್ಕ ಯಾವ ಕೇಸು?"

ನಾನು ಮೇಷ್ಟ್ರು. ಉತ್ತರ ಹೇಳುವುದು ಅಭ್ಯಾಸ. ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿ ಮಾಡುವುದಿಲ್ಲ ಎಂದು ಹೇಳಬಹುದಿತ್ತು. ನಾರ್ವೆಯವರೂ ಇದೇ ಮಾತು ಆಡುತ್ತಾರೆ, ಕಡಲಿಗೆ ವಿಷ ಬಿಟ್ಟವರು ನಮ್ಮ ಈಟಿಯನ್ನು ಯಾಕೆ ಬೈಯುತ್ತೀರಿ ಎನ್ನುತ್ತಾರೆ ಎಂದೂ ಹೇಳಬಹುದಿತ್ತು. ಹೇಳಲಿಲ್ಲ. ಗುಡ್ಡ ಕರಗಿದ ಮೇಲೆ ಉಳಿದಿರುವ ಮೊಲಗಳು ಇನ್ನೂ ಕಡಿಮೆ, ಆದ್ದರಿಂದ ಬಲೆ ಕಟ್ಟುವುದು ಈಗ ಇನ್ನೂ ದೊಡ್ಡ ತಪ್ಪು ಎಂಬುದು ಲೆಕ್ಕಕ್ಕೆ ಸರಿ. ಆದರೆ ಆ ಲೆಕ್ಕದಲ್ಲಿ ತೆರುವವನು ಯಾವಾಗಲೂ ನಮ್ಮಪ್ಪನಂಥವನೇ.

ಕಂಪ್ಲಿಯ ಕಡೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದಾನೆ, ಬೆಸ್ತರ ಹುಡುಗ. ಅವನಿಂದ ಇದರ ಇನ್ನೊಂದು ಮುಖ ನೋಡಿದೆ. ತುಂಗಭದ್ರಾ ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿ ತಿನ್ನುವುದೂ ಮೀನು, ಬೆಸ್ತರು ಹಿಡಿಯುವುದೂ ಮೀನು. ಮೊದಮೊದಲು ಅವನಿಗೆ ಬಹಳ ಕೋಪವಿತ್ತು. "ಸರ್, ನಮ್ಮ ಬಲಿ ಹರದು ಮೀನು ತಿಂತಾವ್ರೀ ಅವು. ಅವಕ್ಕ ಹೊಳಿ ಬರದುಕೊಟ್ಟಾರ" ಎಂದಿದ್ದ. ಕಳೆದ ವರ್ಷ ಹರಿಗೋಲಿನಲ್ಲಿ ಕೂರಿಸಿಕೊಂಡು ಹೋದಾಗ ಅವನೇ ಬಂಡೆಯ ಮೇಲೆ ಮೈ ಕಾಯಿಸುತ್ತಿದ್ದ ನಾಲ್ಕು ನೀರುನಾಯಿಗಳನ್ನು ತೋರಿಸಿದ. ಮಾತು ಸ್ವಲ್ಪ ಬದಲಾಗಿತ್ತು. ಬಲೆಯವನಿಗೂ ನೀರುನಾಯಿಗೂ ವೈರಿ ಒಬ್ಬನೇ, ತೋಟಾ ಸಿಡಿಸಿ ಮೀನು ಹಿಡಿಯುವವನು ಎಂದ. ತೋಟಾ ಸಿಡಿದರೆ ಮರಿಮೊಟ್ಟೆ ಸಹಿತ ಮಡುವೇ ಸಾಯುತ್ತದೆ. "ಬಲಿ ಹಾಕಾವ ನಾಳೆ ಮತ್ತ ಬರಬೇಕಲ್ರೀ ಸರ್" ಎಂದ.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದರಿಂದಲೇ ನವೆಂಬರಿನಲ್ಲಿ ನಾನು ಒಂದು ತಪ್ಪು ಮಾಡುವುದು ತಪ್ಪಿತು.

ಅಕ್ಟೋಬರಿನಲ್ಲಿ ಅಪ್ಪನಿಗೆ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ. ಎಂಬತ್ತನಾಲ್ಕು ವರ್ಷದ ಮೈ ಇನ್ನಷ್ಟು ಇಳಿಯಿತು. ಏನು ತಿನ್ನಬೇಕು ಅನ್ನಿಸುತ್ತದೆ ಹೇಳು ಎಂದು ನನ್ನ ಹೆಂಡತಿ ದಿನಾ ಕೇಳುತ್ತಿದ್ದಳು. ಒಂದು ರಾತ್ರಿ ಹೇಳಿದ. "ಮೊಲದ ಸಾರು ಸಿಕ್ಕರ ಎರಡು ತುತ್ತು ಉಂಡೇನು." ಹೇಳಿದ ಕೂಡಲೇ ತಾನೇ, "ಎಲ್ಲಿ ಸಿಗತೈತಿ ಬಿಡವಾ" ಎಂದು ಗೋಡೆಯ ಕಡೆ ಹೊರಳಿದ.

ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವರು ಈ ಕಡೆ ಕಡಿಮೆ. ಪರಿಚಯದವನೊಬ್ಬನಿಗೆ ಹೇಳಿದೆ, ಅವನು ಇನ್ನೊಬ್ಬನಿಗೆ ಹೇಳಿದ. ಒಂದು ಸಂಜೆ ಊರ ಹೊರಗಿನ ಒಂದು ಶೆಡ್ಡಿಗೆ ಬರಹೇಳಿದರು. ಇಪ್ಪತ್ತೈದರ ಒಳಗಿನ ಹುಡುಗ. ಚೀಲದಲ್ಲಿ ಎರಡು ಮೊಲ. ಒಂದಕ್ಕೆ ಎರಡು ಸಾವಿರ ಎಂದ. ಹೇಗೆ ಹಿಡಿದೆ ಎಂದು ಕೇಳಿದೆ. ಹೆಮ್ಮೆಯಿಂದಲೇ ತೋರಿಸಿದ: ಬೈಕಿನ ಕ್ಲಚ್ ವೈರಿನ ಉರುಳುಗಳು, ಹಣೆಗೆ ಕಟ್ಟುವ ಬ್ಯಾಟರಿ. ಐವತ್ತು ಅರವತ್ತು ಉರುಳು ಹಾಕಿ ಬರುತ್ತಾನೆ, ಎರಡು ದಿನ ಬಿಟ್ಟು ಹೋಗಿ ನೋಡುತ್ತಾನೆ. ಬಿದ್ದದ್ದು ಮೊಲವೋ ನವಿಲೋ ಮುಳ್ಳುಹಂದಿಯೋ, ಬದುಕಿತ್ತೋ ಕೊಳೆತಿತ್ತೋ ಅವತ್ತೇ ಗೊತ್ತಾಗಬೇಕು. ಪಾರ್ಟಿ ಮಾಡುವವರು ಕೇಳಿ ಕೊಳ್ಳುತ್ತಾರೆ, ಸೀಸನ್ನಿನಲ್ಲಿ ಪೂರೈಸಲು ಆಗುವುದಿಲ್ಲ ಎಂದ. ಚೀಲದೊಳಗಿನ ಒಂದು ಮೊಲದ ಕುತ್ತಿಗೆಯಲ್ಲಿ ವೈರು ಎಲುಬಿನವರೆಗೆ ಇಳಿದಿತ್ತು.

ಜೇಬಿನಲ್ಲಿ ದುಡ್ಡಿತ್ತು. ಮನೆಯಲ್ಲಿ ಅಪ್ಪ ಇದ್ದ. ಅವನ ಕೊನೆಯ ಆಸೆ ಇದೇ ಆಗಿರಬಹುದು ಎಂದು ಮನಸ್ಸು ಹೇಳುತ್ತಿತ್ತು. ನೌಕರಿಯ ಭಯ ಮುಗಿದಿತ್ತು, ಮಾರ್ಚಿನಲ್ಲೇ ನಿವೃತ್ತನಾಗಿದ್ದೆ. ಕಾನೂನು ಇದ್ದೇ ಇತ್ತು, ಆದರೆ ಸತ್ಯ ಹೇಳಬೇಕೆಂದರೆ ಆ ಕ್ಷಣ ನನ್ನನ್ನು ತಡೆದದ್ದು ಕಾನೂನಲ್ಲ. ಆ ಚೀಲದೊಳಗೆ ಅಪ್ಪ ಕೇಳಿದ ಮೊಲ ಇರಲಿಲ್ಲ. ಸೋವಿದವರಿಲ್ಲ, ಪಾಲಿಲ್ಲ, ಬಾಣಂತಿಯ ಮನೆಯಿಲ್ಲ. ನಾಳೆ ಮತ್ತೆ ಬರಬೇಕೆಂಬ ಯೋಚನೆ ಇಲ್ಲ. ನನ್ನ ಮಗಳು ಬರ್ಗೆನ್ನಿನಲ್ಲಿ ಕಂಡ ಹಾಗೆ ಇದೂ ಬೇರೆ ಯಾರದೋ ಊಟದ ಹೆಸರನ್ನು ದುಡ್ಡು ಕೊಟ್ಟು ತಿನ್ನುವ ಮಾಂಸವಾಗಿತ್ತು. ಬೇಡ ಎಂದೆ. ಹುಡುಗ ರೇಟು ಇಳಿಸಿದ. ಆಗಲೂ ಬೇಡ ಎಂದೆ. ಅವನಿಗೆ ಉಪದೇಶ ಮಾಡಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಎರಡೂ ನನ್ನ ಅಳುಕೇ.

ಬರುವ ದಾರಿಯಲ್ಲಿ ನಾಟಿಕೋಳಿ ತಂದೆ. ಅಮ್ಮ ಅರೆಯುತ್ತಿದ್ದ ಮಸಾಲೆಯನ್ನು ನೆನಪು ಮಾಡಿಕೊಂಡು ಹೆಂಡತಿಗೆ ಹೇಳಿದೆ. ಸಂಗಟಿ ಮಾಡಿದಳು. ಅಪ್ಪ ಒಂದು ತುತ್ತು ಉಂಡು, "ಖಾರ ಸರಿ ಐತಿ" ಎಂದ. ಎರಡನೇ ತುತ್ತಿಗೆ, "ಕೋಳಿ" ಎಂದ. ಆದರೂ ಬಟ್ಟಲು ಖಾಲಿ ಮಾಡಿದ.

ಅವನ ಊಟ ಆದಮೇಲೆ ಎಲ್ಲ ಹೇಳಿದೆ. ಶೆಡ್ಡು, ಹುಡುಗ, ವೈರು. ಅಪ್ಪ ಸುಮ್ಮನೆ ಕೇಳಿದ. ವೈರಿನ ಮಾತು ಬಂದಾಗ ಮಾತ್ರ ಬಾಯಿಂದ ಚ್ ಎಂಬ ಸದ್ದು ಬಂತು. ಆ ಧೈರ್ಯದಲ್ಲೇ ಕೇಳಿದೆ.

"ಅಪ್ಪಾ, ಬಲೆ ಸುಟ್ಟಾಗ ನೀ ಯಾಕ ಏನೂ ಅನ್ನಲಿಲ್ಲ?"

"ನಿನ್ನ ನೌಕರಿ ದೊಡ್ಡದಿತ್ತು. ಬಲೆ ಏನು, ಮತ್ತ ಹೆಣಿಯಾಕ ಬರತೈತಿ ಅಂದಕಂಡೆ." ಸ್ವಲ್ಪ ತಡೆದು ಹೇಳಿದ. "ಆಮ್ಯಾಲೆ ಹೆಣೀಲಿಲ್ಲ. ಹೇಳಿ ಸುಟ್ಟಿದ್ದರ ನಾನ ಕಡ್ಡಿ ಕೊರದು ಕೊಡತಿದ್ದೆ."

ಅದಾದ ಮುಂದಿನ ಭಾನುವಾರ ಮಗಳ ಕಾಲ್ ಬಂದಾಗ ನಾನೇ ಹೇಳಿದೆ, ಬಲೆಯನ್ನು ಇಲಿ ಕಡಿಯಲಿಲ್ಲ, ನಾನು ಸುಟ್ಟೆ ಎಂದು. ಅವಳು ಬೈಯಲಿಲ್ಲ. "ನನಗ ಯಾಕ ಹೇಳಲಿಲ್ಲ?" ಎಂದಷ್ಟೇ ಕೇಳಿದಳು. ಅಪ್ಪ ನಡುವೆ ಬಾಯಿ ಹಾಕಿ, ದಾರ ತಂದುಕೊಟ್ಟರೆ ಹೆಣೆದು ತೋರಿಸುತ್ತೇನೆ ಎಂದ.

ಪುಂಡಿ ನಾರು ಸಿಗಲಿಲ್ಲ. ಬಜಾರಿನ ಹಗ್ಗದ ಅಂಗಡಿಯಿಂದ ಸಣಬಿನ ಹುರಿ ತಂದೆ. ಎಳೆ ಬಿಚ್ಚಿ, ತೊಡೆಯ ಮೇಲೆ ಹೊಸೆದು, ಬಿದಿರಿನ ಚೂರೊಂದನ್ನು ಸೂಜಿಯ ಹಾಗೆ ಕೆತ್ತಿಕೊಂಡು ಶುರುಮಾಡಿದ. ಕೈ ನಡುಗುತ್ತಿತ್ತು. ಒಂದು ಗಂಟು ಹಾಕಲು ನಾಲ್ಕು ಸಲ ತಪ್ಪುತ್ತಿದ್ದ. ನನಗೂ ಕಲಿಸಲು ನೋಡಿದ, ನನ್ನ ಗಂಟು ಜಾರುತ್ತಿತ್ತು. ಹನ್ನೊಂದು ದಿನಕ್ಕೆ ಒಂದು ಗೇಣು ಅಗಲದ ತುಂಡು ಆಯಿತು. ಮೊಲವಿರಲಿ, ಇಲಿಯೂ ಅದರಲ್ಲಿ ಬೀಳುವುದಿಲ್ಲ. ಅದನ್ನು ಬಿಳಿ ಟವೆಲ್ಲಿನ ಮೇಲೆ ಹರಡಿ ಫೋಟೋ ತೆಗೆದು ಕಳಿಸಿದೆ.

ಮಗಳು ಕೂಡಲೇ ಫೋನ್ ಮಾಡಿದಳು. "ಭಾಳ ಚೊಲೋ ಐತಿ ತಾತಾ. ಕೆಳಗ ಏನಂತ ಬರೀಲಿ?"

ಅಪ್ಪ ಸ್ವಲ್ಪ ಯೋಚಿಸಿದ.

"ಮೊಲದ ಬಲೆ ಅಂತ ಬರಿ" ಎಂದ. "ಒಂದು ಗೇಣು ಅಂತನೂ ಬರಿ. ಇಲ್ಲಾಂದ್ರ ಪೂರಾ ಬಲೆ ಐತಿ ಅಂದಕಂತಾರ."